ಮೇಡಂ, ಜೇನು ಬಂದು ಕೂತಿದೆ

ಬೆಂಗಳೂರಿನಲ್ಲಿ ಮನೆ ಹುಡುಕುವುದು ಎಂಥ ಪಾಡು ಅಂತ ಹುಡುಕಿದವರಿಗೇ ಗೊತ್ತು. ಬ್ರೋಕರ್ ಹಿಂದೆ ಬಿಸಿಲಲ್ಲಿ ತಿರುಗಬೇಕು, ಓನರ್ ಕೇಳುವ ಪ್ರಶ್ನೆಗೆಲ್ಲ ಕೈಕಟ್ಟಿ ಉತ್ತರ ಹೇಳಬೇಕು, ಮೊಳೆ ಹೊಡೆಯಲ್ಲ ಅಂತ ಮಾತು ಕೊಡಬೇಕು. ಇದ್ಯಾವುದರ ಗೊಡವೆ ಇಲ್ಲದೆ, ಇಷ್ಟವಾದ ಮನೆಗೆ ಸಂಸಾರ ಸಮೇತ ಬಂದು ಕೂರುವವರು ಅಂದರೆ ಜೇನುಗಳು ಮಾತ್ರ. ಹೀಗಾಗಿ ಹೊಂಗೆ ಮರ ಹೂ ಬಿಡುವ ಹೊತ್ತಿಗೆ ನನ್ನ ಫೋನು ಶುರುವಾಗುತ್ತದೆ. "ಮೇಡಂ, ಜೇನು ಬಂದು ಕೂತಿದೆ. ಬೇಗ ಬನ್ನಿ."

ನಾನು ಬನಶಂಕರಿ ಕಡೆಯ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಟೀಚರು. ಮನೆ ಜಯನಗರ. ಜೇನು ಹಿಡಿದು ಪೆಟ್ಟಿಗೆಗೆ ಸೇರಿಸಿ ಬೇರೆ ಕಡೆ ಬಿಟ್ಟುಬರುವುದು ನನ್ನ ಕೆಲಸವೇನಲ್ಲ. ಆದರೆ ಈಗ ನಮ್ಮ ಕಡೆ ಜನಕ್ಕೆ ನಾನು ಯಾವ ಪಾಠ ಮಾಡುತ್ತೇನೆ ಅನ್ನುವುದು ಮರೆತುಹೋಗಿದೆ. ತರಕಾರಿ ಅಂಗಡಿಯಲ್ಲೂ "ಜೇನು ಮೇಡಂ ಬಂದ್ರು" ಅಂತಲೇ ಹೇಳುತ್ತಾರೆ. ಹೋಗಿ ಹೋಗಿ ಕಂಡಿದ್ದರಲ್ಲಿ ಕೆಲವನ್ನು ಹೇಳುತ್ತೇನೆ.

ತೋರಣಕ್ಕೆ ಬಂದವರು

ಶುರುವಾಗಿದ್ದು ನಮ್ಮ ಮನೆಯಿಂದಲೇ. ಒಂದು ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರು ಪೇಪರ್ ತೆಗೆದುಕೊಳ್ಳೋಕೆ ಮುಂಬಾಗಿಲು ತೆಗೆದವರು, ಹಾಗೇ ಮೆಲ್ಲಗೆ ಮುಚ್ಚಿ ಬಂದು ಸೋಫಾದ ಮೇಲೆ ಕೂತರು.

"ಪೇಪರ್ ಬಂದಿಲ್ವಾ?" ಅಂದೆ.

"ಬಂದಿದೆ. ಜೊತೇಲಿ ಬೇರೆಯವರೂ ಬಂದಿದಾರೆ," ಅಂದರು.

ಕಿಟಕಿಯಿಂದ ಬಗ್ಗಿ ನೋಡಿದೆ. ಹಬ್ಬಕ್ಕೆ ಕಟ್ಟಿ ಒಣಗಿಹೋಗಿದ್ದ ಮಾವಿನ ತೋರಣದಿಂದ ಹಲಸಿನ ಹಣ್ಣಿನಷ್ಟು ದೊಡ್ಡ ಕಂದು ಗೊಂಚಲು ತೂಗುತ್ತಿತ್ತು. ಗೊಂಚಲು ಉಸಿರಾಡುತ್ತಿರುವ ಹಾಗೆ ಸಣ್ಣಗೆ ಅಲುಗುತ್ತಿತ್ತು. ಹಳೇ ಗೂಡು ಬಿಟ್ಟು ಹೊರಟ, ಪೆಟ್ಟಿಗೆಯಲ್ಲಿ ಸಾಕುವ ಜಾತಿಯ ತುಡುವೆ ಜೇನಿನ ಕುಟುಂಬ ಅದು. ಹೊಸ ಜಾಗ ಸಿಗುವ ತನಕ ಹೀಗೆ ಎಲ್ಲಾದರೂ ದಣಿವಾರಿಸಿಕೊಳ್ಳುತ್ತವೆ.

ಸುದ್ದಿ ಬೀದಿಗೆಲ್ಲ ಹರಡಿತು. ಎದುರು ಮನೆಯವರು ಕಾಂಪೌಂಡಿನ ಆಚೆಯಿಂದಲೇ, "ಪಂಜು ಕಟ್ಟಿ ಹಚ್ಚಿಬಿಡಿ, ಒಂದೇ ನಿಮಿಷ," ಅಂದರು. ಪಕ್ಕದ ಮನೆಯವರು ಸೊಳ್ಳೆ ಹೊಡೆಯುವ ಸ್ಪ್ರೇ ಡಬ್ಬಿಯನ್ನೇ ತಂದುಕೊಟ್ಟರು. ನಮ್ಮತ್ತೆ ಮಂಡಿನೋವಿನ ಕಾಲೆಳೆದುಕೊಂಡು ಹಿತ್ತಲಿನಿಂದ ಸುತ್ತಿ ಮುಂದೆ ಬಂದು ನಿಂತರು.

"ತೋರಣ ಕಟ್ಟಿ ಬನ್ನಿ ಅಂತ ಕರೆದಿದ್ದು ನಾವೇ. ಬಂದ್ಮೇಲೆ ಬೆಂಕಿ ಹಚ್ಚೋದಾ? ಮುಂಬಾಗಿಲು ಇವತ್ತು ಅವರದು. ನಾವು ಹಿಂದಿನಿಂದ ಓಡಾಡೋಣ," ಅಂದರು.

ಅತ್ತೆಯ ಮಾತಿಗೆ ಎದುರಾಡುವ ಅಭ್ಯಾಸ ನಮ್ಮ ಬೀದಿಯಲ್ಲಿ ಯಾರಿಗೂ ಇಲ್ಲ. ಅವರು ಕಿಟಕಿ ಕಟ್ಟೆಯ ಮೇಲೆ ಬಟ್ಟಲಲ್ಲಿ ನೀರಿಟ್ಟು, ಮುಳುಗದಿರಲಿ ಅಂತ ಅದರಲ್ಲಿ ಎರಡು ತುಳಸಿ ಕಡ್ಡಿಯನ್ನೂ ಹಾಕಿದರು. ಹಾಲಿನವನು, ಹೂವಿನವಳು ಎಲ್ಲರೂ ಹಿತ್ತಲಿನಿಂದ ಬಂದು ಹೋದರು.

ಮಧ್ಯಾಹ್ನದ ಹೊತ್ತಿಗೆ ಗೇಟಿನ ಮುಂದೆ ಆಟೋ ನಿಂತಿತು. ಅತ್ತೆಯ ದೊಡ್ಡ ಓರಗಿತ್ತಿ ಎರಡು ದೊಡ್ಡ ಬ್ಯಾಗ್ ಸಮೇತ ಇಳಿದರು. ಅವರು ಬಂದರೆ ಬೇಗ ಹೋಗುವವರಲ್ಲ, ಇರುವಷ್ಟು ದಿನವೂ ನಮ್ಮನೆ ಸಾರಿಗೆ ಉಪ್ಪು ಸರಿಯಾಗಿರುವುದಿಲ್ಲ. ಗೇಟು ತೆಗೆದು ಎರಡು ಹೆಜ್ಜೆ ಇಟ್ಟವರು ತೋರಣ ನೋಡಿದರು. ಹಾಗೇ ಹಿಂದಕ್ಕೆ ನಡೆದು, "ಆಟೋದವರೇ, ಹೋಗಬೇಡಿ," ಅಂದರು. "ಇನ್ನೊಂದ್ಸಲ ಬರ್ತೀನಿ ಕಣಮ್ಮ," ಅಂತ ಕೂಗಿ ಹೇಳಿ ಹೊರಟೇಹೋದರು.

ಅತ್ತೆ ಜೇನಿನ ಕಡೆ ತಿರುಗಿ ಕೈಮುಗಿದು ನನಗೆ ಹೇಳಿದರು: "ನೋಡು, ಇವರಿಗೆ ಹಾಸಿಗೆ ಹಾಸ್ಬೇಕಿಲ್ಲ, ಸಾರಿಗೆ ಉಪ್ಪಿಲ್ಲ ಅನ್ನಲ್ಲ. ಇರೋಷ್ಟು ದಿನ ಇರ್ಲಿ ಬಿಡು."

ಸೀಟಿ ಇಲ್ಲದ ಡ್ರಿಲ್ಲು

ಆ ಜೇನು ಮಾರನೇ ದಿನ ತಾನಾಗೇ ಎದ್ದು ಹೋಯಿತು. ಎದ್ದ ಚೆಂದ ನೋಡಿ ನಾನು ಸೋತೆ. ಆಮೇಲೆ ರಜೆಯಲ್ಲಿ ಜೇನು ಸಾಕಣೆಯ ತರಬೇತಿಗೆ ಹೋಗಿ ಬಂದೆ, ಮುಖದ ಬಲೆ, ಹೊಗೆ ಡಬ್ಬಿ, ಮರದ ಪೆಟ್ಟಿಗೆ ತಂದಿಟ್ಟುಕೊಂಡೆ. ನಮ್ಮ ಯಜಮಾನರು ಕಾರ್ ಓಡಿಸಿ ಉಪಕಾರ ಮಾಡುತ್ತೇನೆ, ಗಾಜು ಮಾತ್ರ ಇಳಿಸಲ್ಲ ಅಂದರು. ಏಣಿ ಹತ್ತೋಕೆ ಇನ್ನೊಬ್ಬರು ಬೇಕಿತ್ತು. ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ, "ನಾ ಬರ್ತೀನ್ರಿ ಮೇಡಂರ," ಅಂದವರು ನಮ್ಮ ಪಿ.ಟಿ. ಮೇಷ್ಟ್ರು.

ಗದಗದ ಕಡೆಯವರು. ಬಿ.ಟಿ.ಎಂ. ಲೇಔಟಿನಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು ಒಬ್ಬರೇ ಇದ್ದರು. ಆರಡಿ ಆಳು, ಕೊರಳಲ್ಲಿ ಯಾವಾಗಲೂ ಸೀಟಿ. ಅವರು ಊದಿದರೆ ಪಕ್ಕದ ರಸ್ತೆಯ ಟ್ರಾಫಿಕ್ಕೂ ಒಂದು ಕ್ಷಣ ನಿಲ್ಲುತ್ತದೆ. ನಮ್ಮ ಎಂಟನೇ ಕ್ಲಾಸು ಮಾತ್ರ ನಿಲ್ಲುವುದಿಲ್ಲ.

ನಾವಿಬ್ಬರೂ ಜೊತೆಯಾಗಿ ಹೋದ ಮೊದಲ ಕರೆ ಜಯನಗರ ನಾಲ್ಕನೇ ಬ್ಲಾಕಿನಿಂದ ಬಂದಿತ್ತು. ಕಾಂಪ್ಲೆಕ್ಸ್ ಹತ್ತಿರದ ಒಂದು ಅಡ್ಡರಸ್ತೆ. ಹೋಗಿ ನೋಡಿದರೆ ಗಾಡಿಗಳು ಸಾಲಾಗಿ ನಿಲ್ಲುವ ಜಾಗವೆಲ್ಲ ಬೋಳು, ನಡುವೆ ಒಂದೇ ಒಂದು ಸ್ಕೂಟರ್. ಅದರ ಹ್ಯಾಂಡಲ್ ಪೂರ್ತಿ ಜೇನು. ಪಕ್ಕದಲ್ಲಿ ಸೀರೆ ಸೆರಗನ್ನು ತಲೆ ಮೇಲೆ ಹೊದ್ದು ಒಬ್ಬರು ಹೆಂಗಸು ನಿಂತಿದ್ದರು. ಸ್ಕೂಟರ್ ಅವರದು.

"ಮಗಳು ಟ್ಯೂಷನ್ ಮುಗಿಸಿ ಕಾಯ್ತಿರ್ತಾಳೆ ಮೇಡಂ, ಬೇಗ ತೆಗೆದುಕೊಡಿ," ಅಂದರು. ಆಮೇಲೆ ದನಿ ತಗ್ಗಿಸಿ, "ಆದ್ರೆ ಇವುಗಳಿಗೆ ಏನೂ ಆಗೋದು ಬೇಡ. ಉಪಕಾರ ಮಾಡಿವೆ," ಅಂದರು.

ಏನು ಉಪಕಾರ ಅಂದರೆ, ಅದು ನೋ ಪಾರ್ಕಿಂಗ್ ಜಾಗ. ಟೋಯಿಂಗ್ ಗಾಡಿ ಬಂದು ಆ ಕಡೆಯಿಂದ ಒಂದೊಂದೇ ಎತ್ತಿಕೊಂಡು ಬಂದಿದೆ. ಇವರ ಸ್ಕೂಟರಿಗೆ ಕೈ ಹಾಕಲು ಬಂದವನು ನಿಂತ, ನೋಡಿದ, ನಮಸ್ಕಾರ ಮಾಡುವ ಹಾಗೆ ಎರಡೂ ಕೈ ಮೇಲಕ್ಕೆತ್ತಿದ. ಅದೊಂದನ್ನು ಬಿಟ್ಟು ಈ ಕಡೆಯದೆಲ್ಲ ಎತ್ತಿಕೊಂಡು ಹೋದರಂತೆ.

ಪೆಟ್ಟಿಗೆಯನ್ನು ಹ್ಯಾಂಡಲಿಗೆ ತಾಗಿಸಿ ಹಿಡಿದು ಮೆತ್ತನೆ ಬ್ರಷ್ಷಿನಿಂದ ಗೊಂಚಲನ್ನು ಒಳಕ್ಕೆ ಜಾರಿಸಿದೆ. ರಾಣಿ ಒಳಗೆ ಸೇರಿದ್ದು ಗೊತ್ತಾಯಿತು. ಯಾಕೆಂದರೆ ಒಂದಷ್ಟು ಜೇನು ಪೆಟ್ಟಿಗೆ ಬಾಗಿಲಲ್ಲಿ ಸಾಲಾಗಿ ನಿಂತು, ಬಾಲ ಮೇಲೆತ್ತಿ, ರೆಕ್ಕೆ ಬೀಸಿ, 'ನಮ್ಮಮ್ಮ ಇಲ್ಲಿದ್ದಾಳೆ ಬನ್ನಿ' ಅಂತ ವಾಸನೆ ಹರಡತೊಡಗಿದವು. ಗಾಳಿಯಲ್ಲಿ ಚೆಲ್ಲಾಪಿಲ್ಲಿ ಹಾರುತ್ತಿದ್ದವೆಲ್ಲ ಇಳಿದು, ಹ್ಯಾಂಡಲ್ ಮೇಲೆ ಇದ್ದವೂ ಸೇರಿಕೊಂಡು, ನೂಕುನುಗ್ಗಲಿಲ್ಲದೆ ನಡೆದುಕೊಂಡು ಒಳಗೆ ಹೋದವು. ಮೇಷ್ಟ್ರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಲೇ ಇದ್ದರು. ಕೊನೆಯದು ಒಳಗೆ ಹೋದ ಮೇಲೆ ಕೊರಳಿನ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡರು.

"ಯಾಕೆ ಸಾರ್?" ಅಂದೆ.

"ಇವುಗಳ ಮುಂದ ಹಾಕ್ಕೊಂಡು ನಿಲ್ಲಾಕ ನಾಚಿಗಿ ಬರ್ತೈತ್ರಿ."

ಆ ಹೆಂಗಸು ಸ್ಕೂಟರ್ ಸ್ಟಾರ್ಟ್ ಮಾಡುವ ಹೊತ್ತಿಗೆ, ಗಾಡಿ ಕಳೆದುಕೊಂಡ ಇಬ್ಬರು ಗಂಡಸರು ನನ್ನ ಹತ್ತಿರ ಬಂದರು. ಒಬ್ಬರು ಬಹಳ ಗಂಭೀರವಾಗಿ ಕೇಳಿದರು: "ಮೇಡಂ, ಇದು ಚಿಕ್ಕ ಸೈಜಲ್ಲಿ ಸಿಗತ್ತಾ? ಕನ್ನಡಿಗೆ ನೇತುಹಾಕೋ ಹಾಗೆ?"

ನಡುಗೋಡೆ

ಶ್ರೀನಗರದಲ್ಲಿ ಒಂದು ಹಳೇ ಸೈಟು. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮ ಭಾಗ ಮಾಡಿಕೊಂಡು ಎರಡು ಮನೆ ಕಟ್ಟಿಕೊಂಡಿದ್ದಾರೆ. ನಡುವೆ ಒಂದು ಕಾಂಪೌಂಡ್ ಗೋಡೆ. ಗೋಡೆ ಎದ್ದ ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಹೆಂಡತಿಯರು ಮಾತ್ರ ಟೆರೇಸಿನಲ್ಲಿ ಬಟ್ಟೆ ಒಣಗಿಸುವಾಗ ಊರಿನ ವಿಷಯವನ್ನೆಲ್ಲ ಮಾತಾಡಿಕೊಳ್ಳುತ್ತಾರೆ. ಅದು ಗಂಡಂದಿರಿಗೂ ಗೊತ್ತು, ಗೊತ್ತಿಲ್ಲದ ಹಾಗೆ ಇರುತ್ತಾರೆ.

ಆ ಗೋಡೆಯ ಟೊಳ್ಳಿನಲ್ಲಿ ಜೇನು ಸೇರಿಕೊಂಡಿತ್ತು. ಫೋನ್ ಮಾಡಿದವರು ಅಣ್ಣ. ನಾವು ಹೋದಾಗ ಗೋಡೆ ತೋರಿಸಿ, "ಜೇನು ಅವನ ಕಡೇದು ಮೇಡಂ. ತೂತು ಅವನ ಕಡೆ ಇದೆ ನೋಡಿ. ಕಾಟ ಮಾತ್ರ ನನಗೆ," ಅಂದರು. ತಮ್ಮನ ಮನೆಗೆ ಹೋದೆವು. ಅವರು, "ತೂತು ನನ್ನ ಕಡೆ ಇರ್ಬೋದು. ಗೂಡು ಪೂರ್ತಿ ಅವರ ಕಡೆಗೆ ಹೋಗಿದೆ. ಗೋಡೆಗೆ ಕಿವಿ ಇಟ್ಟು ಕೇಳಿ ಬೇಕಾದ್ರೆ," ಅಂದರು.

ತೆಗೆಯಬೇಕು ಅಂದರೆ ಗೋಡೆಯ ನಾಲ್ಕು ಇಟ್ಟಿಗೆ ಬಿಚ್ಚಬೇಕು, ಅದಕ್ಕೆ ಇಬ್ಬರೂ ಒಪ್ಪಬೇಕು ಅಂದೆ. ಒಳಗೆ ತುಪ್ಪ ಇರಬಹುದಾ ಅಂತ ಅಣ್ಣ ಕೇಳಿದರು. ಈ ಗೋಡೆ ತುಂಬ ಇದ್ದರೂ ಇರಬಹುದು ಅಂದರು ಮೇಷ್ಟ್ರು. ಅಷ್ಟು ಹೇಳಿದ್ದೇ ತಡ, ಜೇನು ಇದ್ದಕ್ಕಿದ್ದ ಹಾಗೆ ಇಬ್ಬರ ಕಡೆಯದೂ ಆಯಿತು.

ನಾನು ತಮ್ಮನ ಕಡೆ ನಿಂತೆ, ಮೇಷ್ಟ್ರು ಅಣ್ಣನ ಕಡೆ ನಿಂತರು. ಹೊಗೆ ಕೊಟ್ಟು, ಒಂದೊಂದೇ ಇಟ್ಟಿಗೆ ಬಿಚ್ಚುತ್ತಾ ಹೋದೆವು. ಒಳಗೆ ಕಂಡ ಗೂಡನ್ನು ನಾನು ಈವರೆಗೂ ಮರೆತಿಲ್ಲ. ಮೇಣದ ಎರಿಗಳು ಒಂದರ ಪಕ್ಕ ಒಂದು, ನಡುವೆ ಎರಡು ಜೇನು ಬೆನ್ನಿಗೆ ಬೆನ್ನು ತಾಗಿಸಿ ಓಡಾಡುವಷ್ಟೇ ಜಾಗ. ಎಲ್ಲ ಕಡೆಯೂ ಅಷ್ಟೇ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಕತ್ತಲಲ್ಲಿ, ಅಳತೆ ಟೇಪಿಲ್ಲದೆ, ಮೇಸ್ತ್ರಿ ಇಲ್ಲದೆ ಕಟ್ಟಿದ್ದು.

"ಇವ್ರೂ ಜಾಗ ಹಂಚಿಕೊಂಡಾರ ನೋಡ್ರಿ," ಅಂದರು ಮೇಷ್ಟ್ರು ಗೋಡೆಯ ಆಚೆಯಿಂದ, ಯಾರಿಗೆ ಹೇಳಿದರೋ ಏನೋ.

ಎರಿಗಳನ್ನು ಕತ್ತರಿಸಿ ಪೆಟ್ಟಿಗೆಯ ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಿದೆವು. ಆದರೆ ರಾಣಿ ಸಿಗಲಿಲ್ಲ. ರಾಣಿ ಸಿಗದೆ ಉಳಿದವು ಬರುವುದಿಲ್ಲ. ಅದು ಗೋಡೆಯೊಳಗೆ ನನ್ನ ಕಡೆಗೊಮ್ಮೆ, ಅವರ ಕಡೆಗೊಮ್ಮೆ ಓಡುತ್ತಿತ್ತು. ಅಣ್ಣತಮ್ಮ ಇಬ್ಬರೂ ತಲೆಗೆ ಟವೆಲ್ ಸುತ್ತಿಕೊಂಡು ಹತ್ತಿರ ಬಂದು ಬಗ್ಗಿ ನೋಡತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ಅಣ್ಣನ ದನಿ ಕೇಳಿಸಿತು.

"ಉದ್ದಕ್ಕಿದೆ ನೋಡು, ಕಪ್ಪಗೆ. ನಿನ್ನ ಕಡೆ ಬಂತು."

ತಮ್ಮ ಕಣ್ಣು ಕಿರಿದು ಮಾಡಿ ಕಂಡಿಯೊಳಗೆ ಬಗ್ಗಿದರು. ಆಮೇಲೆ, "ಕಾಣಿಸ್ತಾ ಇಲ್ಲಣ್ಣ. ಸ್ವಲ್ಪ ಟಾರ್ಚ್ ಬಿಡು," ಅಂದರು.

ಅಣ್ಣ ಇಟ್ಟಿಗೆ ಬಿಚ್ಚಿದ ಕಂಡಿಯಿಂದ ಕೈ ಚಾಚಿ ಟಾರ್ಚ್ ಹಿಡಿದರು. ಮೇಲೆ ಟೆರೇಸಿನಲ್ಲಿ ಹೆಂಡತಿಯರಿಬ್ಬರೂ ಒದ್ದೆ ಬಟ್ಟೆ ಕೈಯಲ್ಲೇ ಹಿಡಿದು ನಿಂತುಬಿಟ್ಟಿದ್ದರು. ರಾಣಿ ಸಿಕ್ಕಿತು. ಸಂಜೆಯ ಹೊತ್ತಿಗೆ ಕುಟುಂಬವೆಲ್ಲ ಪೆಟ್ಟಿಗೆ ಸೇರಿತು. ಬೇಗೂರಿನ ಕೆರೆಯ ಆಚೆ ನಮ್ಮ ಪರಿಚಯದವರ ತೋಟವಿದೆ, ಅಲ್ಲಿಗೆ ಒಯ್ದು ಇಟ್ಟೆವು. ಎರಡು ಮನೆಗೂ ಒಂದೊಂದು ಬಟ್ಟಲು ತುಪ್ಪ ಕೊಟ್ಟು, ಒಳ್ಳೇ ಕೆಲಸ ಮಾಡಿದೆವು ಅಂತ ಹಿಗ್ಗುತ್ತಾ ಬಂದೆವು.

ಮಾರನೇ ದಿನ ಬೆಳಿಗ್ಗೆ ತಮ್ಮನ ಹೆಂಡತಿಯ ಫೋನು. "ಮೇಡಂ, ಇಬ್ಬರೂ ಜಗಳ ಆಡ್ತಿದಾರೆ. ಆ ಕಂಡಿ ಯಾರು ಮುಚ್ಚಬೇಕು ಅಂತ."

ನಾನು ಬೇಜಾರಿನಿಂದ ಮೇಷ್ಟ್ರಿಗೆ ಹೇಳಿದೆ. ಅವರ ಮುಖ ಅರಳಿತು. "ಮಾತಾಡಿ ಜಗಳ ಮಾಡಾಕತ್ತಾರಲ್ರಿ. ಭಾಳ ಸುಧಾರಿಸ್ಯಾರ."

ಕಂಡಿ ಇವತ್ತಿಗೂ ಮುಚ್ಚಿಲ್ಲ. ಅದರ ಮೂಲಕ ಈಗ ಪೇಪರ್ ಆ ಕಡೆ ಈ ಕಡೆ ಹೋಗಿ ಬರುತ್ತದಂತೆ.

ನೋಟಿಸ್ ಕೊಡದೆ

ಜೆ.ಪಿ. ನಗರದ ಕೊನೆಯಲ್ಲಿ ಒಂದು ಎತ್ತರದ ಅಪಾರ್ಟ್‌ಮೆಂಟು. ಮೇಲಿನ ಮಹಡಿಯೊಂದರ ಬಾಲ್ಕನಿಗೆ ಹೆಜ್ಜೇನು ಕಟ್ಟಿತ್ತು. ಹೆಜ್ಜೇನು ಪೆಟ್ಟಿಗೆಯಲ್ಲಿ ಇರುವ ಜಾತಿಯಲ್ಲ. ಅದರ ತಂಟೆಗೆ ಹೋದರೆ ಊರನ್ನೇ ಅಟ್ಟಿಸಿಕೊಂಡು ಬರುತ್ತದೆ, ಬಿಟ್ಟರೆ ಹೂವಿನ ಕಾಲ ಮುಗಿದ ಮೇಲೆ ತಾನೇ ಗಂಟುಮೂಟೆ ಕಟ್ಟುತ್ತದೆ. ಇದನ್ನು ಎಲ್ಲರಿಗೂ ಬಂದು ಹೇಳಿ ಅಂತ ಆ ಬಾಲ್ಕನಿಯ ಒಡತಿಯೇ ನಮ್ಮನ್ನು ಕರೆಸಿದ್ದರು. ಮನೆಯಿಂದಲೇ ಆಫೀಸ್ ಕೆಲಸ ಮಾಡುವ ಹೆಂಗಸು. ಅವತ್ತು ಅಸೋಸಿಯೇಷನ್ ಮೀಟಿಂಗು. ಔಷಧಿ ಹೊಡೆಯುವವರನ್ನು ಶನಿವಾರಕ್ಕೆ ಆಗಲೇ ಗೊತ್ತು ಮಾಡಿಯಾಗಿತ್ತು.

ಅಲ್ಲಿನ ಸೆಕ್ರೆಟರಿ ರಿಟೈರ್ ಆದ ದೊಡ್ಡ ಅಧಿಕಾರಿ, ನಿಯಮದ ಮನುಷ್ಯ. ಮೀಟಿಂಗ್ ಶುರುವಾಗಿದ್ದೇ ಸೆಕ್ಯೂರಿಟಿಯವನ ವಿಚಾರಣೆಯಿಂದ.

"ಇಷ್ಟು ದೊಡ್ಡ ಗುಂಪು ಒಳಗೆ ಬರೋವಾಗ ನೀನು ಎಲ್ಲಿದ್ದೆ?"

"ಗೇಟಲ್ಲೇ ಇದ್ದೆ ಸಾರ್. ಅವು ಗೇಟಿಂದ ಬಂದಿಲ್ಲ ಸಾರ್."

ಬಾಲ್ಕನಿಯ ಒಡತಿ ಎದ್ದು ನಿಂತು, ತನಗೇನೂ ತೊಂದರೆಯಿಲ್ಲ, ಮಳೆ ಬರುವ ತನಕ ಬಾಲ್ಕನಿ ಬಾಗಿಲು ಹಾಕಿಕೊಂಡು ಇರ್ತೀನಿ ಅಂದರು. ಸೆಕ್ರೆಟರಿ ಒಪ್ಪಲಿಲ್ಲ. ಮಕ್ಕಳಿರುವ ಜಾಗ ಅಂದರು. ಅವರ ಭಯ ಸುಳ್ಳಲ್ಲ, ಹೆಜ್ಜೇನಿನ ವಿಷಯದಲ್ಲಿ ಹುಡುಗಾಟ ಸಲ್ಲದು. ಆದರೆ ಔಷಧಿ ಹೊಡೆದರೆ ಸಾಯುವ ಮೊದಲು ಅವು ಕೆರಳಿ ಮಕ್ಕಳ ಮೇಲೇ ಬೀಳುತ್ತವೆ ಅಂತ ನಾನು ವಿವರಿಸಿದೆ. ಅರ್ಧ ಜನ ಒಪ್ಪಿದರು, ಅರ್ಧ ಜನ ನನ್ನ ಪೆಟ್ಟಿಗೆಯನ್ನೇ ಅನುಮಾನದಿಂದ ನೋಡಿದರು.

ಆಗ ಮೇಷ್ಟ್ರು ಎದ್ದರು. "ಸಾಹೇಬ್ರ, ಕೊಲ್ಲೂದು ಶನಿವಾರ ಐತಲ್ರಿ. ಅದಕ್ಕ ಮುಂಚೆ ಒಮ್ಮೆ ಅವುಗಳ ಮಾರಿ ನೋಡಿ ಬರೂಣ ಬರ್ರಿ."

ಸೆಕ್ರೆಟರಿಗೆ ಇಲ್ಲ ಅನ್ನಲಾಗಲಿಲ್ಲ. ಒಳಗಿನ ಗಾಜಿನ ಬಾಗಿಲ ಹಿಂದೆ ಕುರ್ಚಿ ಹಾಕಿ ಕೂರಿಸಿದೆವು. ಆಚೆ ಮಗು ಮಲಗಿಸುವ ತೊಟ್ಟಿಲಿನಷ್ಟು ಅಗಲದ ಗೂಡು, ಅದರ ಮೇಲೆ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಜೇನು. ಅಷ್ಟರಲ್ಲಿ ಒಂದು ಕಣಜ ಹತ್ತಿರ ಸುಳಿಯಿತು. ಗೂಡಿನ ಒಂದು ಮೂಲೆಯಿಂದ ಬೆಳ್ಳಗೆ ಅಲೆಯೊಂದು ಎದ್ದು ಸರ್ರನೆ ಇನ್ನೊಂದು ಮೂಲೆಗೆ ಹೋಯಿತು. ಸಾವಿರಾರು ಜೇನು ಒಂದಾದ ಮೇಲೊಂದರಂತೆ ಹೊಟ್ಟೆ ಮೇಲೆತ್ತಿ ಇಳಿಸಿದ್ದು ಅದು. ಇನ್ನೊಂದು ಅಲೆ. ಮತ್ತೊಂದು. ಕಣಜ ಹೆದರಿ ಹೊರಟುಹೋಯಿತು. ಒಂದು ಜೇನೂ ಜಾಗ ಬಿಟ್ಟು ಕದಲಿರಲಿಲ್ಲ.

ಸೆಕ್ರೆಟರಿ ಕುರ್ಚಿಯನ್ನು ಗಾಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ಆಮೇಲೆ, "ಇನ್ನೊಂದ್ಸಲ ಮಾಡ್ತಾವಾ?" ಅಂತ ಕೇಳಿದರು. ಕಾಫಿ ಬಂತು, ಆರಿತು. ಮನುಷ್ಯ ಕುರ್ಚಿ ಬಿಟ್ಟು ಏಳಲಿಲ್ಲ. ಶನಿವಾರದ ಔಷಧಿ ರದ್ದಾಯಿತು. ಆ ಬಾಲ್ಕನಿಯಲ್ಲಿ ಲೈಟ್ ಹಾಕಬಾರದು, ಅಕ್ಕಪಕ್ಕದವರು ಪಟಾಕಿ ಸಿಡಿಸಬಾರದು ಅಂತ ಹೊಸ ನಿಯಮಗಳು ಬಂದವು.

ಹೊರಡುವಾಗ ನಾನು ಬಾಲ್ಕನಿಯ ಒಡತಿಗೆ, "ನಿಮ್ಮದು ದೊಡ್ಡ ಮನಸ್ಸು," ಅಂದೆ.

"ದೊಡ್ಡ ಮನಸ್ಸೇನಿಲ್ಲ ಮೇಡಂ," ಅಂದರು ಅವರು ಮೆಲ್ಲಗೆ. "ಈ ಮನೆಗೆ ಬಂದಾಗಿನಿಂದ ಪಾರಿವಾಳದ ಗಲೀಜು ತೊಳೆದೂ ತೊಳೆದೂ ಸಾಕಾಗಿತ್ತು. ನೆಟ್ ಹಾಕಿಸ್ದೆ, ಗೂಬೆ ಬೊಂಬೆ ತಂದಿಟ್ಟೆ, ಏನಕ್ಕೂ ಹೆದರಲಿಲ್ಲ. ಇವು ಬಂದ ದಿನದಿಂದ ಒಂದು ಪಾರಿವಾಳ ಇಲ್ಲ."

ಮಳೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಗೂಡು ಖಾಲಿಯಾಗಿತ್ತು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಸೆಕ್ರೆಟರಿ ಹಾಕಿದ ಮೆಸೇಜನ್ನು ಆಕೆ ನನಗೂ ಕಳಿಸಿದರು: "ನಮ್ಮ ಅತಿಥಿಗಳು ನೋಟಿಸ್ ಕೊಡದೆ ಖಾಲಿ ಮಾಡಿದ್ದಾರೆ. ಇದು ನಿಯಮಕ್ಕೆ ವಿರುದ್ಧ. ಆದರೂ ಮುಂದಿನ ವರ್ಷ ಜಾಗ ಕಾಯ್ದಿರಿಸಲಾಗಿದೆ."

ಹ್ಞೂಂ

ಇದು ಬನಶಂಕರಿಯಲ್ಲಿ ನಡೆದಿದ್ದು. ನಾನು ಎಷ್ಟು ಸಲ ಹೇಳಿದರೂ ನಮ್ಮ ಸ್ಟಾಫ್ ರೂಮಿನಲ್ಲಿ ಇನ್ನೊಮ್ಮೆ ಹೇಳಿ ಅನ್ನುತ್ತಾರೆ.

ಆಗ ಮೇಷ್ಟ್ರಿಗೆ ಊರಿನಲ್ಲಿ ಹೆಣ್ಣು ನೋಡುತ್ತಿದ್ದರು. ಅವರ ಅವ್ವ ಒಂದು ಹುಡುಗಿಯ ಫೋಟೋ ಕಳಿಸಿ, ನೋಡಿ ಹೇಳು ಅಂದಿದ್ದರು. ನಮ್ಮ ಮೇಷ್ಟ್ರು ಮೈದಾನದಲ್ಲಿ ಹುಲಿ, ಈ ವಿಷಯದಲ್ಲಿ ಬಹಳ ಸಂಕೋಚ. ಫೋಟೋ ತೆರೆದೇ ನೋಡಿರಲಿಲ್ಲ. ಅವ್ವ ಫೋನ್ ಮಾಡಿದಾಗೆಲ್ಲ ಕ್ಲಾಸಿದೆ, ಮ್ಯಾಚಿದೆ, ಆಮೇಲೆ ಮಾಡ್ತೀನಿ ಅಂತ ಜಾರಿಕೊಳ್ಳುತ್ತಿದ್ದರು.

ಆ ದಿನ ಒಂದು ಮನೆಯ ಪೋರ್ಟಿಕೋ ಸಜ್ಜಾಕ್ಕೆ ಜೇನಿನ ಗೊಂಚಲು ಬಂದು ಕೂತಿತ್ತು. ಮೇಷ್ಟ್ರು ಎಂದಿನಂತೆ ಫೋನನ್ನು ನನ್ನ ಕೈಗೆ ಕೊಟ್ಟು ಏಣಿ ಹತ್ತಿದರು. ಸಲೀಸಾಗಿ ಗೊಂಚಲನ್ನು ಪೆಟ್ಟಿಗೆಗೆ ಇಳಿಸಿಕೊಂಡು ಬಂದು, ಅಂಗಳದಲ್ಲಿ ನಿಂತು, ಮುಖದ ಬಲೆ ತೆಗೆದು ಬೆವರು ಒರೆಸಿಕೊಂಡರು.

ರಾಣಿ ಪೆಟ್ಟಿಗೆಯಲ್ಲಿ ಇರಲಿಲ್ಲ. ಅದು ಅವರ ಶರ್ಟಿನ ಕಾಲರ್ ಮೇಲೆ ಕೂತಿತ್ತು.

ನಾನು ಬಾಯಿಬಿಡುವಷ್ಟರಲ್ಲಿ ಪೆಟ್ಟಿಗೆಯಿಂದ ಜೇನೆಲ್ಲ ಎದ್ದು ಅವರ ಭುಜಕ್ಕೆ ಬಂದವು. ಕುತ್ತಿಗೆ ಮುಚ್ಚಿತು, ಗದ್ದ ಮುಚ್ಚಿತು, ಗಡ್ಡ ಬಿಟ್ಟ ಹಾಗೆ ಎದೆಯ ತನಕ ಇಳಿಬಿತ್ತು. ಕಂಡಿದ್ದು ಮೂಗು, ಕಣ್ಣು ಮತ್ತು ಕ್ಯಾಪು.

"ಸಾರ್, ಅಲ್ಲಾಡಬೇಡಿ. ಬಾಯಿ ಮಾತ್ರ ತೆಗೀಬೇಡಿ. ಗೂಡಿಲ್ಲದ ಜೇನು, ಕೆಣಕದಿದ್ರೆ ಏನೂ ಮಾಡಲ್ಲ," ಅಂದೆ. ಮೇಷ್ಟ್ರು ಹಿಮ್ಮಡಿ ಜೋಡಿಸಿ, ಕೈ ಇಳಿಬಿಟ್ಟು, ಸಾವಧಾನ್‌ನಲ್ಲಿ ನಿಂತರು. ರೆಪ್ಪೆ ಮಿಟುಕಿಸುವುದು ಬಿಟ್ಟರೆ ಬೇರೆ ಚಲನೆಯಿಲ್ಲ. ಅಂಥ ಸಾವಧಾನ್ ನಾನು ಸ್ವಾತಂತ್ರ್ಯ ದಿನದ ಪೆರೇಡಿನಲ್ಲೂ ನೋಡಿಲ್ಲ. ಗೇಟಿನ ಆಚೆ ಸೊಪ್ಪಿನ ಗಾಡಿಯವನಿಂದ ಹಿಡಿದು ಬೀದಿಯವರೆಲ್ಲ ಸೇರಿದರು.

ಆಗ ನನ್ನ ಕೈಯಲ್ಲಿದ್ದ ಅವರ ಫೋನು ಹೊಡೆದುಕೊಂಡಿತು. ಸ್ಕ್ರೀನಿನ ಮೇಲೆ 'ಅವ್ವ'. ಕಟ್ ಮಾಡಿದೆ. ಮತ್ತೆ ಬಂತು. ಕಟ್ ಮಾಡಿದೆ. ಮತ್ತೆ ಬಂತು. ಏನು ತುರ್ತೋ ಏನೋ ಅಂತ ಎತ್ತಿದೆ.

"ಅಮ್ಮಾ, ನಾನು ಅವರ ಸ್ಕೂಲಿನ ಟೀಚರು. ಅವರು ಇಲ್ಲೇ ಇದಾರೆ, ಆದ್ರೆ ಈಗ ಮಾತಾಡೋ ಹಾಗಿಲ್ಲ."

"ಅಂವಾ ಮಾತಾಡೂದು ಬ್ಯಾಡ್ರಿ ಅಕ್ಕಾರ, ಕೇಳಿದ್ರ ಸಾಕು. ಸ್ವಲ್ಪ ಕಿವಿ ಹತ್ರ ಹಿಡೀರಿ," ಅಂದರು ಆ ತಾಯಿ. ನೆಂಟರ ಮುಂದೆ ಕೂತ ದನಿ. ಕಷ್ಟದಲ್ಲಿದ್ದಾಗ ಅವ್ವನ ದನಿ ಕೇಳಿದರೆ ಧೈರ್ಯ ಬರಬಹುದು ಅಂದುಕೊಂಡು ನಾನು ಸ್ಪೀಕರ್ ಹಾಕಿ, ಕೈ ಉದ್ದ ಮಾಡಿ ಫೋನನ್ನು ಅವರ ಗದ್ದದ ಹತ್ತಿರ ಹಿಡಿದೆ.

"ತಮ್ಮಾ, ಹುಡಗಿ ಮನಿಯವರು ಇಲ್ಲೇ ಬಂದು ಕುಂತಾರ. ಇನ್ನ ಮುಂದ ಹಾಕಾಕ ಆಗೂದಿಲ್ಲ. ಫೋಟೋ ನೋಡಿದೇನು?"

ಮೇಷ್ಟ್ರು ಸುಮ್ಮನಿದ್ದರು. ಅವರ ಗದ್ದದ ಮೇಲಿದ್ದವು ಸುಮ್ಮನಿರಲಿಲ್ಲ. "ಹ್ಞೂಂಂಂ," ಅಂದವು.

"ನೋಡೀ ಹಂಗಾದ್ರ. ಮನಸಿಗೆ ಬಂದಾಳೇನು?"

"ಹ್ಞೂಂಂಂ."

ಮೇಷ್ಟ್ರು ಕಣ್ಣುಗುಡ್ಡೆಯನ್ನು ನನ್ನ ಕಡೆ ಹೊರಳಿಸಿದರು, ಫೋನಿನ ಕಡೆ ಹೊರಳಿಸಿದರು, ಮತ್ತೆ ನನ್ನ ಕಡೆ. ಕಣ್ಣಿಗೆ ಬೆವರು ಇಳಿಯುತ್ತಿದೆ ಅಂದುಕೊಂಡು ನಾನು ಕರ್ಚೀಫಿನಿಂದ ಹಣೆ ಒತ್ತಿದೆ.

"ಆಕಿನೂ ಸಾಲ್ಯಾಗ ಕಲಸ್ತಾಳ. ಮದುವಿ ಆದ ಮ್ಯಾಲೂ ನೌಕರಿ ಬಿಡಂಗಿಲ್ಲಂತ. ನಡೀತೈತೇನು ನಿನಗ?"

"ಹ್ಞೂಂಂಂ."

"ಹುಡಗಿ ಅಪ್ಪಾರಿಗೆ ಕೇಳವಲ್ದಂತ. ಒಮ್ಮಿ ಗಟ್ಟಿಯಾಗಿ ಹೇಳು."

ಸರಿಯಾಗಿ ಆಗಲೇ ಗೇಟಿನ ಆಚೆ ಗುಂಪಿನಲ್ಲಿ ಸಿಕ್ಕಿಕೊಂಡ ಆಟೋದವನು ಉದ್ದಕ್ಕೆ ಹಾರ್ನ್ ಒತ್ತಿದ. ಗಡ್ಡ ಪೂರ್ತಿ ಒಟ್ಟಿಗೆ ರೆಕ್ಕೆ ಬಡಿದು "ಹ್ಞೂಂಂಂಂಂಂ" ಅಂದಿತು.

ಆ ಕಡೆ ನಗು, ಗದ್ದಲ. "ಬಂಗಾರದಂಥಾ ಮಗ. ಹುಟ್ಟಿದಾಗಿಂದ ಇಷ್ಟು ಖುಷಿಲೇ ಹ್ಞೂಂ ಅಂದಿದ್ದಿಲ್ಲ," ಅಂತ ಯಾರಿಗೋ ಹೇಳುತ್ತಲೇ ಅವ್ವ ಫೋನ್ ಇಟ್ಟರು.

ನಾನು ಪೆಟ್ಟಿಗೆಯನ್ನು ಅವರ ಭುಜಕ್ಕೆ ತಾಗಿಸಿ, ಕಾಲರಿನ ಹತ್ತಿರ ಹುಡುಕಿ, ರಾಣಿಯನ್ನು ಬ್ರಷ್ಷಿನಿಂದ ಮೆಲ್ಲಗೆ ಒಳಕ್ಕೆ ದಾಟಿಸಿದೆ. ಗಡ್ಡ ಕರಗುತ್ತಾ ಬಂತು. ಕುತ್ತಿಗೆ ಕಂಡಿತು, ಗದ್ದ ಕಂಡಿತು. ಒಂದೂ ಕಚ್ಚಿರಲಿಲ್ಲ. ಕೊನೆಯ ಜೇನು ತುಟಿ ಬಿಟ್ಟ ಮೇಲೆ ಮೇಷ್ಟ್ರು ಆಡಿದ ಮೊದಲ ಮಾತು: "ಮೇಡಂರ, ನಾ ಏನೂ ಅಂದಿಲ್ರಿ."

"ಗೊತ್ತು ಸಾರ್. ಈಗಲೇ ಫೋನ್ ಮಾಡಿ ಹೇಳಿಬಿಡಿ."

ಮಾಡಿದರು. ಅಷ್ಟರಲ್ಲಿ ಅಲ್ಲಿ ಸಂಬಂಧ ಕುದುರಿತು ಅಂತ ಸಕ್ಕರೆ ಹಂಚಿಯಾಗಿತ್ತು. ಅವ್ವ ಇವರಿಗೆ ಮಾತಾಡಲು ಬಿಡಲೇ ಇಲ್ಲ. ಫೋನಿನಲ್ಲಿ ಆಗುವ ಕೆಲಸವಲ್ಲ, ಎದುರಿಗೆ ಹೋಗಿ ಹುಡುಗಿಗೇ ನಿಜ ಹೇಳಿ ಬರುತ್ತೇನೆ ಅಂತ ಮೇಷ್ಟ್ರು ಶನಿವಾರ ಊರಿನ ಬಸ್ಸು ಹತ್ತಿದರು. ಸೋಮವಾರ ಬೆಳಿಗ್ಗೆ ಪ್ರೇಯರಿನ ಹೊತ್ತಿಗೆ ಬಂದರು. ಶರ್ಟಿಗೆ ಇಸ್ತ್ರಿ ಹಾಕಿತ್ತು.

"ಹೇಳಿದ್ರಾ ಸಾರ್?"

"ಹೇಳಾಕಂತ ಹೋದ್ನಿರಿ. ಆಕಿ ಚಾ ತಗೊಂಡು ಬಂದ್ಲು. ಬೆಂಗಳೂರಾಗ ಜೇನು ಹಿಡೀತೀರಂತ, ಖರೇನ್ರಿ, ಹೆಂಗ ಹಿಡೀತೀರಿ ಅಂತ ಕೇಳಿದ್ಲು. ಹೇಳ್ಕೋತ ಕುಂತೆ." ಮೇಷ್ಟ್ರು ಕ್ಯಾಪು ತೆಗೆದು ಮತ್ತೆ ಹಾಕಿಕೊಂಡರು. "ಉಳಿದದ್ದು ಹೇಳಾಕ ಟೈಮ್ ಸಿಗಲಿಲ್ರಿ."

ಮದುವೆಯಾಯಿತು. ಬಿ.ಟಿ.ಎಂ.ನಲ್ಲೇ ಸ್ವಲ್ಪ ದೊಡ್ಡ ಮನೆ ಹಿಡಿದರು, ಆಕೆಗೂ ಹತ್ತಿರದ ಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಒಂದು ಭಾನುವಾರ ನಮ್ಮನ್ನೆಲ್ಲ ಊಟಕ್ಕೆ ಕರೆದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ನಾನು ಊಟದ ಖುಷಿಯಲ್ಲಿ ಬನಶಂಕರಿಯ ಕಥೆ ತೆಗೆದುಬಿಟ್ಟೆ. ಅರ್ಧ ಹೇಳಿದ ಮೇಲೆ ನೋಡುತ್ತೇನೆ, ಮೇಷ್ಟ್ರು ತಟ್ಟೆಯೊಳಗೇ ಮುಖ ಇಟ್ಟುಕೊಂಡಿದ್ದಾರೆ. ಆಕೆಗೆ ಅವರು ಈ ತನಕ ಹೇಳಿರಲೇ ಇಲ್ಲ.

ಆಕೆ ರೊಟ್ಟಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಗಂಡನನ್ನು ನೋಡಿದರು. "ಅಂದ್ರ ಅವತ್ತು ಹ್ಞೂಂ ಅಂದಿದ್ದು ನೀವಲ್ಲೇನ್ರಿ?"

ಮೇಷ್ಟ್ರು ತಲೆ ಎತ್ತಲಿಲ್ಲ. "ನಾ ಸುಮ್ಮನ ನಿಂತಿದ್ನಿ. ಅವು ಅಂದ್ವು."

ನಾನು ಮನಸ್ಸಿನಲ್ಲೇ ನಮ್ಮತ್ತೆಯ ದೇವರಿಗೆಲ್ಲ ಕೈಮುಗಿದೆ. ಆಕೆ ರೊಟ್ಟಿಯನ್ನು ಗಂಡನ ತಟ್ಟೆಗೆ ಹಾಕಿ, ಅದರ ಮೇಲೆ ಬೆಣ್ಣೆ ಸವರಿದರು.

"ಸಾವಿರಾರು ಮಂದಿ ಒಂದ ದನಿಲೇ ಹ್ಞೂಂ ಅಂದಾರ," ಅಂದರು. "ಇನ್ನ ನಿಮ್ಮೊಬ್ಬರನ್ನ ಕೇಳೋದೇನಿತ್ರಿ?"